“ಗಾಡಿ ಯಾರ್ಯಾರು ಹೊಡಿತಾರ್ರಿ?”

ಆ ಮಿಸ್ತ್ರಿಯ ಎರಡು ಪಾದಗಳನ್ನು ನೋಡಿದರೆ ಒಬ್ಬನೇ ಮನುಷ್ಯನವು ಅನ್ನಿಸುತ್ತಿರಲಿಲ್ಲ. ಬಲಗಾಲು ಗ್ರೀಸು, ಧೂಳು ಮೆತ್ತಿಕೊಂಡು ಕಪ್ಪಗಿರುತ್ತಿತ್ತು. ಎಡಗಾಲು ಮಾತ್ರ ಈಗಷ್ಟೇ ಪೂಜೆಗೆ ಕೂತು ಎದ್ದವರ ಕಾಲಿನ ಹಾಗೆ ಸ್ವಚ್ಛ. ಯಾವುದೇ ಕಾರನ್ನು ಪರೀಕ್ಷಿಸುವ ಮೊದಲು ಗ್ಯಾರೇಜಿನ ನಳದ ಕೆಳಗೆ ಎಡಗಾಲು ಹಿಡಿದು, ಹೆಗಲ ಮೇಲಿನ ವಸ್ತ್ರದಿಂದ ಬೆರಳ ಸಂದಿಯನ್ನೂ ಬಿಡದೆ ಒರೆಸಿಕೊಂಡು, ಬರಿಗಾಲಲ್ಲಿ ಕ್ಲಚ್ ಒತ್ತುತ್ತಿದ್ದರು. ಕಣ್ಣು ಮುಚ್ಚಿ, ಒಂದೊಂದು ಬೆರಳಿನಷ್ಟು ಬಿಡುತ್ತ ಬರುತ್ತಿದ್ದರು. ನಾನು ನಕ್ಕರೆ, “ನಗಬ್ಯಾಡ್ರಿ ಸರ. ಕಿವಿಗಿಂತ ಕಾಲು ಶಾಣ್ಯಾ ಐತಿ” ಅನ್ನುತ್ತಿದ್ದರು.

ಗೋಕುಲ ರಸ್ತೆಯ ಕಡೆ ಎಲ್ಲರೂ ಅವರನ್ನು ಕ್ಲಚ್ ಮಿಸ್ತ್ರಿ ಅಂತಲೇ ಕರೆಯುತ್ತಿದ್ದರು. ನಾನು ಕಾಕಾ ಅನ್ನುತ್ತಿದ್ದೆ. ಹಣೆಯ ಮೇಲೆ ವಿಭೂತಿ, ಕಿವಿಯ ಹಿಂದೆ ಒಂದು ಪೆನ್ಸಿಲ್. ಎಂಜಿನ್ನು, ಬ್ರೇಕು ಅಂತ ಯಾರಾದರೂ ಬಂದರೆ ಪಕ್ಕದ ಗ್ಯಾರೇಜಿಗೆ ಕಳಿಸಿಬಿಡುವರು; ಕ್ಲಚ್ ಬಿಟ್ಟು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಏನಾಗಿದೆ, ಎಷ್ಟು ಓಡಿದೆ ಎಂಬ ವಿಚಾರಣೆಯೆಲ್ಲ ಆಮೇಲೆ. ಅವರ ಮೊದಲ ಪ್ರಶ್ನೆ ಒಂದೇ: “ಗಾಡಿ ಯಾರ್ಯಾರು ಹೊಡಿತಾರ್ರಿ?” ಉತ್ತರ ಸಿಗುವವರೆಗೆ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುತ್ತಿರಲಿಲ್ಲ.

ನನ್ನದು ದುರ್ಗದಬೈಲಿನ ಪೇಟೆಯಲ್ಲಿ ಭಾಂಡೆ ಅಂಗಡಿ. ದಿನವಿಡೀ ಸ್ಟೀಲಿನ ಡಬ್ಬಿ, ಕುಕ್ಕರು ಮಾರುವ ನನಗೆ ಮಗಳು ಹೈಸ್ಕೂಲಿಗೆ ಬಂದ ಮೇಲೆ ಕಾರಿನ ಹುಚ್ಚು ಹಿಡಿಯಿತು. ನಮ್ಮದು ಚಿಕ್ಕ ಟರ್ಬೊ ಕಾರು. ಮೊಬೈಲಿನಲ್ಲಿ ವಿಡಿಯೋ ನೋಡೀ ನೋಡೀ ತಲೆ ಕೆಟ್ಟು, ಬೆಳಗಾವಿಯಲ್ಲಿ ಒಬ್ಬರ ಕಡೆ ಅದರ ಕಂಪ್ಯೂಟರ್ ತಿದ್ದಿಸಿ, ಎಂಜಿನ್ನಿನ ಜೋರು ಹೆಚ್ಚಿಸಿಕೊಂಡು ಬಂದೆ. ಒಂದು ತಿಂಗಳು ಬೈಪಾಸಿನಲ್ಲಿ ಹಾರಾಡಿದ್ದೇ ಹಾರಾಡಿದ್ದು. ಆಮೇಲೆ ನಾಲ್ಕನೇ ಗೇರಿನಲ್ಲಿ ಒತ್ತಿದರೆ ಎಂಜಿನ್ ಸುಮ್ಮನೆ ಕೂಗತೊಡಗಿತು, ಕಾರು ಮುಂದೆ ಹೋಗಲೊಲ್ಲದು, ಸುಟ್ಟ ವಾಸನೆ ಬೇರೆ. ಹೆಚ್ಚಾದ ಜೋರನ್ನು ಹಿಡಿಯಲಾರದೆ ಕಂಪನಿಯ ಕ್ಲಚ್ ಜಾರುತ್ತಿತ್ತು.

ಕಾಕಾ ನನ್ನೆದುರು ಎರಡು ಕ್ಲಚ್ ಪ್ಲೇಟ್ ಇಟ್ಟರು. ಒಂದು ಕಂಪನಿಯದರಂತೆಯೇ ಸುತ್ತಲೂ ಹಿಡಿತದ ಪಟ್ಟಿ ಪೂರ್ತಿ ಇದ್ದದ್ದು. ಅದಕ್ಕೆ ತುಸು ಗಟ್ಟಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟ್ ಜೋಡಿಸಿದರೆ ಸಾಕು ಅಂದರು. ಇನ್ನೊಂದು ರೇಸಿನದು, ಹೂವಿನ ಎಸಳಿನ ಹಾಗೆ ಆರೇ ಆರು ತುಂಡು. ವಿಡಿಯೋದಲ್ಲಿ ನಾನು ನೋಡಿ ಮರುಳಾದದ್ದು ಅದಕ್ಕೇ.

“ಇದು ಹಿಡೀತಂದ್ರ ಹಿಡೀತು, ಬಿಟ್ಟಿತಂದ್ರ ಬಿಟ್ಟಿತು. ನಡುವ ಹಾಫ್ ಕ್ಲಚ್ ಅನ್ನೂದ ಇಲ್ರಿ. ಪೆಡಲ್ಲೂ ಕಲ್ಲಾಗತೈತಿ” ಅಂದರು ಕಾಕಾ.

“ವಿಡಿಯೋದಾಗ ಎಲ್ಲಾರೂ ಇದನ್ನ ಹಾಕ್ಸ್ಯಾರ ಕಾಕಾ.”

“ಆ ವಿಡಿಯೋದಾವ ದುರ್ಗದಬೈಲಿಗೆ ಕಾಯಿಪಲ್ಲೆ ತರಾಕ ಹೋಗ್ತಾನೇನ್ರಿ? ಇರಲಿ. ಗಾಡಿ ಯಾರ್ಯಾರು ಹೊಡಿತಾರ?”

“ನಾ ಒಬ್ಬನ.”

ಅದು ಸುಳ್ಳು. ನನ್ನ ಹೆಂಡತಿ ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ವಾರದಲ್ಲಿ ನಾಲ್ಕು ದಿನ ಆ ಕಾರಿನಲ್ಲಿ ಹೋಗಿ ಬರುವವಳು ಅವಳೇ. ಹಿಂದೆ ಸ್ಕೂಟಿಯಿಂದ ಬಿದ್ದು ಅವಳ ಎಡ ಮೊಣಕಾಲು ಅಷ್ಟಕ್ಕಷ್ಟೇ ಇತ್ತು. ನಿಜ ಹೇಳಿದರೆ ಕಾಕಾ ಆ ರೇಸಿನ ಕ್ಲಚ್ ಹಾಕುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಅವರು ಎಡಗಾಲು ತೊಳೆದುಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂರಲು ಹೋದರು. ಮೊಣಕಾಲು ಸ್ಟೀರಿಂಗಿಗೆ ತಾಗಿತು. ಕಾರನ್ನು ಟೋ ಗಾಡಿಯಲ್ಲಿ ತರಿಸಿದ್ದೆ; ನಾನು ಆರಡಿಯ ಆಳು, ಸೀಟು ನೋಡಿದರೆ ಹೆಂಡತಿ ಇಟ್ಟ ಹಾಗೇ ಪೂರ್ತಿ ಮುಂದಿದೆ.

“ಸೀಟ ಮುಂದೈತಲ್ರಿ ಸರ?”

“ತೊಳಿಯಾಕ ಕೊಟ್ಟಿದ್ದೆ. ಅವರ ಎಳದಿರಬೇಕು.”

ಕಾಕಾ ನನ್ನ ಮುಖವನ್ನೊಮ್ಮೆ ನೋಡಿದರು. “ಹೌದೇನ್ರಿ, ಆತು” ಎಂದು ಸೀಟನ್ನು ಹಿಂದಕ್ಕೆ ತಳ್ಳಿಕೊಂಡರು. ಮರುದಿನ ನಾನು ಕೇಳಿದ ಕ್ಲಚ್ಚೇ ಕೂತಿತ್ತು.

ಹೆಂಡತಿಗೆ ಏನೂ ಹೇಳಲಿಲ್ಲ. ಮೊದಲ ದಿನ ಅವಳು, “ಏನಾಗೇತ್ರಿ ಇದಕ್ಕ, ಕಾಲ ಬಿದ್ದ ಹೋಗಾಕತ್ತೈತಿ” ಅಂದಾಗ, ಹೊಸದು, ನಾಲ್ಕು ದಿನದಲ್ಲಿ ಸಡಿಲಾಗುತ್ತದೆ ಅಂದೆ. ಐದನೆಯ ದಿನ ಸಂಜೆ ನಮ್ಮ ಅಂಗಡಿಯ ಕಡೆ ಬರುತ್ತ, ದುರ್ಗದಬೈಲಿನ ಗದ್ದಲದಲ್ಲಿ ಇಂಚಿಂಚೇ ಕಾರು ಬಿಡುವಾಗ ಅವಳ ಕಾಲು ಸೋತಿತು. ಕಾರು ಕಪ್ಪೆಯ ಹಾಗೆ ಜಿಗಿದು ಮುಂದಿನ ಬಾಳೆಹಣ್ಣಿನ ಗಾಡಿಗೆ ಬಡಿಯಿತು. ಗಾಡಿಯ ಮುದುಕಿ ಒಂದು ಮಾರು ಆಚೆ ನಿಂತಿದ್ದಳು, ಅಷ್ಟೇ ಪುಣ್ಯ. ಜನ ಮುತ್ತಿಕೊಂಡು, ಹೆಂಗಸರಿಗೆ ಯಾಕೆ ಕಾರು ಅಂತೆಲ್ಲ ಅಂದರು. ನಾನು ಅಂಗಡಿಯಿಂದ ಓಡಿಹೋದಾಗ ಅವಳು ಸ್ಟೀರಿಂಗ್ ಹಿಡಿದುಕೊಂಡೇ ಅಳುತ್ತಿದ್ದಳು, ಮೊಣಕಾಲು ಬಾತಿತ್ತು.

“ಮಿಸ್ತ್ರಿ ಏನೋ ತಪ್ಪ ಕೂಡಿಸ್ಯಾನ” ಅಂದೆ ನಾನು. ಎದುರಿಗೆ ಕಾಕಾ ಅನ್ನುತ್ತಿದ್ದವರನ್ನು ಅಲ್ಲೇ ಏಕವಚನಕ್ಕೆ ಇಳಿಸಿಬಿಟ್ಟೆ.

ಹೆಂಡತಿ ಬಿಡುವವಳಲ್ಲ. ಕಾರನ್ನು ಪೇಟೆಯಿಂದಲೇ ಟೋ ಗಾಡಿಯಲ್ಲಿ ಗ್ಯಾರೇಜಿಗೆ ಕಳಿಸಿ, ಮರುದಿನ ತಾನೂ ಕುಂಟುತ್ತಲೇ ಬಂದಳು. ಅಲ್ಲಿ ಮೂವರು ಗಿರಾಕಿಗಳು ಕೂತಿದ್ದರು. ಅವರೆದುರೇ ಕೇಳಿದಳು: “ಎಷ್ಟ ವರ್ಷದಿಂದ ಈ ಕೆಲಸ ಮಾಡಾಕತ್ತೀರಿ? ಮಂದಿ ಜೀವದ ಜೋಡಿ ಆಟ ಆಡತೀರೇನು?”

ಕಾಕಾ ಅವಳ ಮೊಣಕಾಲು ನೋಡಿದರು. ಕಾರಿನ ಬಾಗಿಲು ತೆಗೆದು ಮತ್ತೆ ಮುಂದೆ ಬಂದಿದ್ದ ಸೀಟನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಟೈರ್ ಕಂಪನಿಯ ಕ್ಯಾಲೆಂಡರ್ ಓದುತ್ತ ನಿಂತಿದ್ದೆ.

“ತಪ್ಪಾತ್ರಿ ಅಕ್ಕಾರ. ನಾ ಸರಿಯಾಗಿ ಕೇಳಬೇಕಿತ್ತು, ಕೇಳಲಿಲ್ಲ” ಅಂದರು.

ಕೂತಿದ್ದವರಲ್ಲಿ ಒಬ್ಬ ಎದ್ದು ತನ್ನ ಕಾರಿನ ಕೀಲಿ ವಾಪಸ್ ಇಸಿದುಕೊಂಡು ಹೋದ. ಆಗಲೂ ನನ್ನ ಕಣ್ಣು ಗೋಡೆಯ ಮೇಲೇ ಇತ್ತು. ಆ ಕ್ಯಾಲೆಂಡರಿನಲ್ಲಿ ಆ ತಿಂಗಳು ಎಷ್ಟು ಭಾನುವಾರ ಇದ್ದವು ಅಂತ ಈಗ ಕೇಳಿದರೂ ಹೇಳಬಲ್ಲೆ.

ಎರಡು ದಿನದಲ್ಲಿ ಅವರು ಮೊದಲು ಹೇಳಿದ್ದ ಪೂರ್ತಿ ಪಟ್ಟಿಯ ಪ್ಲೇಟನ್ನೇ ಕೂಡಿಸಿದರು. ಹೆಂಡತಿಯನ್ನು ಕೂರಿಸಿ, “ಈಗ ಕಾಲಿಗೆ ಕೇಳ್ರಿ ಅಕ್ಕಾರ” ಅಂದರು. ಅವಳು ಒತ್ತಿ ನೋಡಿ ನಕ್ಕಳು. ಅವಳು ಕಾರನ್ನು ಹೊರಗೆ ತೆಗೆಯುತ್ತಿರುವಾಗ ನಾನು ಕಾಕಾನ ಹತ್ತಿರ ಹೋಗಿ, “ನೀವ್ಯಾಕ ಹಂಗ ಅಂದ್ರಿ?” ಅಂದೆ.

“ಅಕ್ಕಾರು ಬಾಳ್ವೆ ಮಾಡಬೇಕಾದ್ದು ನಿಮ್ಮ ಜೋಡಿರಿ ಸರ, ನನ್ನ ಜೋಡಿ ಅಲ್ಲ” ಎಂದು ಕೈ ಒರೆಸಿಕೊಂಡರು.

ಹೆಂಡತಿಗೆ ನಿಜ ಹೇಳಿ, ಅವಳನ್ನು ಕರೆದುಕೊಂಡು ಬಂದು ಕ್ಷಮೆ ಕೇಳಬೇಕು ಅಂದುಕೊಂಡೆ. ಇವತ್ತು ನಾಳೆ ಅನ್ನುತ್ತ ಒಂದೂವರೆ ವರ್ಷ ಹೋಯಿತು. ಗೋಕುಲ ರಸ್ತೆಗೆ ಕೆಲಸ ಬಿದ್ದರೆ ಸುತ್ತು ಹಾಕಿ ಹೋಗುತ್ತಿದ್ದೆ. ಒಂದು ದಿನ ಎದೆನೋವಿನಿಂದ ಕಾಕಾ ತೀರಿಕೊಂಡರು ಅನ್ನುವ ಸುದ್ದಿ ಅಂಗಡಿಗೆ ಬಂತು. ಹೋಗಿ ಬರೋಣ ಅಂದವಳು ಹೆಂಡತಿಯೇ. ನಾಲ್ಕು ಮಂದಿಯ ಮುಂದೆ ತಪ್ಪು ಒಪ್ಪಿಕೊಂಡ ಮನುಷ್ಯ ಅಂತ ಅವಳಿಗೆ ಅವರ ಮೇಲೆ ಬಹಳ ಗೌರವ.

ಮನೆಯಲ್ಲಿ ಅವರ ತಮ್ಮ ನಮ್ಮನ್ನು ಕೂರಿಸಿ ಮಾತಾಡಿದರು. ಈಗ ಗ್ಯಾರೇಜು ನಡೆಸುವವರು ಅವರೇ. “ಇತ್ತಿತ್ಲಾಗ ಅಣ್ಣ ಗಾಡಿ ಯಾರು ಹೊಡಿತಾರ ಅಂತ ಕೇಳೂದ ಬಿಟ್ಟಿದ್ದರಿ. ಹೊಡಿಯೋ ಮಂದೀನ್ನೆಲ್ಲಾ ಕರಕೊಂಡ ಬರ್ರಿ ಅಂತಿದ್ದ. ಎಲ್ಲಾರ ಕಾಲ್ಲೆ ಪೆಡಲ್ ಒತ್ತಿಸಿ ನೋಡಿದ ಮ್ಯಾಲೇ ಕೆಲಸ. ಯಾಕ ಅಂದ್ರ, ಯಾರೋ ಗಿರಾಕಿ ಒಮ್ಮೆ ಸುಳ್ಳ ಹೇಳಿದ್ದಂತ, ಒಬ್ಬ ಹೆಣಮಗಳಿಗೆ ಪೆಟ್ಟಾತಂತ. ಯಾರಂತ ಕೇಳಿದ್ರ ಕಡೀತನಕ ಹೆಸರ ಹೇಳಲಿಲ್ರಿ.”

“ಎಂಥಾ ಮನಶ್ಯಾರ ಇರತಾರ ನೋಡ್ರಿ” ಅಂದಳು ನನ್ನ ಹೆಂಡತಿ.

ವಾಪಸ್ ಬರುವಾಗ ಅವಳೇ ಕಾರು ಹೊಡೆಯುತ್ತಿದ್ದಳು. ಓಣಿ ದಾಟುವ ಮೊದಲೇ ಹೇಳಿಬಿಟ್ಟೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿದಳು. ಆಮೇಲೆ, “ಅಷ್ಟ ಮಂದಿ ಮುಂದ ನಾ ಅವರಿಗೆ ಏನೇನಂದೆ. ನೀವು ಅಲ್ಲೇ ನಿಂತಿದ್ರಿ” ಅಂದಳು. ಕಾರು ತಿರುಗಿಸಿ ಅದೇ ಮನೆಯ ಮುಂದೆ ತಂದು ನಿಲ್ಲಿಸಿದಳು. “ಇಳೀರಿ” ಅಂದಳು.

ಚಪ್ಪಲಿ ಬಿಟ್ಟು ಒಳಗೆ ಹೋದೆ. ನಾವು ಏನೋ ಬಿಟ್ಟು ಹೋಗಿದ್ದೇವೆ ಅಂದುಕೊಂಡು ತಮ್ಮ ಎದ್ದು ನಿಂತರು. “ಆ ಗಿರಾಕಿ ನಾನರಿ” ಅಂದೆ.

ಅವರಿಗೆ ಸಿಟ್ಟು ಬರಲಿಲ್ಲ. ನನ್ನನ್ನು ನೋಡಿದರು, ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಕಾಲನ್ನು ನೋಡಿದರು.

“ಅಣ್ಣ ಇದ್ದಾಗ ಬರಬೇಕಿತ್ರಿ ಸರ” ಅಂದರು.