ಗದ್ದಲದ ಫೈಲಿನಲ್ಲಿ ಚೇಚಿ

ಕಾಕ್ಕನಾಡಿನ ಹೊಸ ಫ್ಲ್ಯಾಟಿನಲ್ಲಿ ಡಬ್ಬಗಳನ್ನು ಬಿಚ್ಚುವಾಗ ಅಗಲವಾದ ಎಲಾಸ್ಟಿಕ್ ಪಟ್ಟಿಯೊಂದು ಕೈಗೆ ಸಿಕ್ಕಿತು. ಮೂಗಿಗೆ ಹಿಡಿದೆ. ಕಮಟು ಹಿಡಿದ ತೆಂಗಿನೆಣ್ಣೆಯ ವಾಸನೆ. ತಿರುವನಂತಪುರದ ಲ್ಯಾಬಿನಿಂದ ಅದು ತಪ್ಪಿ ನನ್ನೊಡನೆ ಬಂದಿತೋ, ನಾನೇ ಎತ್ತಿಕೊಂಡು ಬಂದೆನೋ...

ಅಲ್ಲಿ ಮಿದುಳಿನ ಸ್ಕ್ಯಾನ್ ತೆಗೆಯುತ್ತಿದ್ದವರನ್ನು ಎಲ್ಲರೂ ಚೇಚಿ ಎನ್ನುತ್ತಿದ್ದರು, ಅಕ್ಕ ಎಂದು. ಕಾಸರಗೋಡಿನವರು, ನನ್ನೊಡನೆ ಮಾತ್ರ ಕನ್ನಡ. ಯಂತ್ರದೊಳಗೆ ಹೋಗುವವರ ಹೊಟ್ಟೆಗೆ ಈ ಪಟ್ಟಿ ಕಟ್ಟಿ, ಬೆರಳಿಗೆ ಕ್ಲಿಪ್ ಹಾಕಿ, ಕೈಗೊಂದು ರಬ್ಬರ್ ಚೆಂಡು ಕೊಡುತ್ತಿದ್ದರು. ಹೆದರಿಕೆಯಾದರೆ ಅದನ್ನು ಒತ್ತಬೇಕು, ಸ್ಕ್ಯಾನ್ ನಿಲ್ಲಿಸುತ್ತಾರೆ. ಉಸಿರು ಮತ್ತು ನಾಡಿಯ ಏರಿಳಿತ ಮಿದುಳಿನ ಚಿತ್ರದೊಳಗೆ ಬೆರೆತುಬಿಡುತ್ತದೆ. ಪಟ್ಟಿ ಮತ್ತು ಕ್ಲಿಪ್ಪಿನಿಂದ ಅವನ್ನು ಬೇರೆಯಾಗಿ ಅಳೆದು, ಚಿತ್ರದಿಂದ ಕಳೆಯುವುದು ನನ್ನ ಕೆಲಸ. ಲ್ಯಾಬಿನ ಲೆಕ್ಕದಲ್ಲಿ ಅವೆರಡೂ ಗದ್ದಲ.

ಹೊಸ ವಿಧಾನವನ್ನು ಮೊದಲು ನಮ್ಮವರ ಮೇಲೆಯೇ ಪರೀಕ್ಷಿಸುವುದು ಅಲ್ಲಿನ ರೂಢಿ. ಎಲ್ಲರೂ ಯಂತ್ರದೊಳಗೆ ಮಲಗಿ ಎದ್ದಾಗಿತ್ತು, ಚೇಚಿಯೊಬ್ಬರು ಬಾಕಿ.

“ಏನ್ ಚೇಚಿ, ಬೇರೆಯವರಿಗೆ ಧೈರ್ಯ ಹೇಳೋದಷ್ಟೇನಾ?” ಎಂದೆ.

“ನನ್ನ ತಲೆಯಲ್ಲಿ ಎಂತ ಉಂಟು ಮಾರಾಯ? ಬರೀ ಮೀನುಸಾರು. ಅದಕ್ಕೂ ನಿನ್ನ ಫಿಲ್ಟರ್ ಉಂಟಾ?” ಎನ್ನುತ್ತ ಪಟ್ಟಿಯನ್ನು ತಾವೇ ಕಟ್ಟಿಕೊಂಡು ಒಳಗೆ ಹೋದರು.

ನನ್ನ ಮಾತು ನೆನೆದು ಅವರು ಒಳಗಿದ್ದಷ್ಟು ಹೊತ್ತೂ ನಕ್ಕರು, ತಲೆ ಅಲುಗಿ ಚಿತ್ರ ಕೆಟ್ಟಿತು, ಆ ಸ್ಕ್ಯಾನನ್ನು ಎಸೆದೆ. ವರ್ಷಗಳಿಂದ ಗೆಳೆಯರಿಗೆ ಹೀಗೇ ಹೇಳುತ್ತ ಬಂದಿದ್ದೇನೆ. ಚೇಚಿ ತೀರಿಕೊಂಡ ಸುದ್ದಿ ಬಂದ ದಿನವೂ ಇದನ್ನೇ ಹೇಳಿದೆ. ಕೇಳಿದವರು ನಕ್ಕರು.

ಪಟ್ಟಿ ಸಿಕ್ಕಿದ ಮೇಲೆ ಹಳೆಯ ಡಿಸ್ಕನ್ನು ಹುಡುಕಿ ತೆಗೆದೆ. ಅವರ ಮಿದುಳಿನ ಚಿತ್ರ ಅದರಲ್ಲಿರಲಿಲ್ಲ. ಎಸೆಯಲು ಮರೆತ ಗದ್ದಲದ ಫೈಲು ಮಾತ್ರ ಇತ್ತು. ನಕ್ಕರೆ ಉಸಿರಿನ ಗೆರೆ ಗರಗಸದ ಹಲ್ಲಿನಂತೆ ಒಡೆಯುತ್ತದೆ. ಹುಡುಕಿದೆ, ಅಂಥ ಹಲ್ಲು ಎಲ್ಲಿಯೂ ಇಲ್ಲ. ಉಸಿರು ಬಿಗಿಹಿಡಿದ ಸಪಾಟು ಗೆರೆ, ಒಂದು ತುಂಡು ಉಸಿರು, ಮತ್ತೆ ಸಪಾಟು. ಕೆಳಗೆ ನಾಡಿಯ ಗೆರೆ ಜೋರಾಗಿ ಓಡುತ್ತಿದೆ. ಹನ್ನೆರಡು ನಿಮಿಷ ಹೀಗೆಯೇ. ಚೆಂಡನ್ನು ಅವರು ಒತ್ತಲಿಲ್ಲ, ಅದಂತೂ ನನಗೆ ಗೊತ್ತು... ಗೊತ್ತೆಂದುಕೊಂಡಿದ್ದೇನೆ.

ಹಾಗಾದರೆ ಆ ನಗು ಎಲ್ಲಿಂದ ಬಂತು? ಹೊರಬಂದ ಮೇಲೆ ನಕ್ಕರೋ? ನಕ್ಕವನು ನಾನೋ? ಪಟ್ಟಿ ತೀರಾ ಬಿಗಿಯಾಗಿದ್ದರೂ ಗೆರೆ ಹೀಗೆ ಕಾಣಬಹುದು. ಹೇಳಬೇಕಾದವರು ಇಲ್ಲ.

ಪಟ್ಟಿಯನ್ನು ಹೊಟ್ಟೆಗೆ ಕಟ್ಟಿಕೊಂಡು, ಪರದೆಯ ಮೇಲೆ ಅವರ ಮೊದಲ ಸಪಾಟು ಗೆರೆ ಓಡಿಸಿ, ಅದರೊಡನೆ ನಾನೂ ಉಸಿರು ಹಿಡಿದೆ. ಗೆರೆ ಮುಗಿಯುವವರೆಗೆ ಹಿಡಿಯಲಾಗಲಿಲ್ಲ.