ರಾಚಯ್ಯನವರ ಬಾಯಿಗೆ ಬಂದ ಮಾತು

ಮಲ್ಲಮ್ಮನವರು ಗದಗದ ಕಡೆಯವರು. ಯಾರು ಎದುರಾದರೂ ನಿಂತು ಮಾತಾಡಿಸುವ ಸ್ವಭಾವ. ಗಂಡ ರಾಚಯ್ಯ ಇದಕ್ಕೆ ತದ್ವಿರುದ್ಧ. ಅಮೆರಿಕದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವರು ಮನೆಗೆ ಬಂದರೆ ಪೂಜೆ, ಊಟ, ಪೇಪರು, ಅಷ್ಟೇ. ಮಗಳು ಅಕ್ಷರಾ ಹೈಸ್ಕೂಲಿನಲ್ಲಿದ್ದಾಗ ಹೊಸ ಕಾರನ್ನು ಯಾರದೋ ಮೇಲ್‌ಬಾಕ್ಸಿಗೆ ಗುದ್ದಿಸಿಕೊಂಡು ಬಂದ ದಿನವೂ ‘ಇರ್ಲಿ ಬಿಡು, ನಿನಗೇನೂ ಆಗಿಲ್ಲಲ್ಲ’ ಎಂದು ಸುಮ್ಮನಾಗಿದ್ದರು. ನಾರ್ತ್‌ವಿಲ್ ಊರಿನ ಮನೆಯಲ್ಲಿ ಅವರ ಬಾಯಿಂದ ಒಂದು ಬಿರುಸು ಮಾತನ್ನು ಯಾರೂ ಕೇಳಿದ್ದಿಲ್ಲ.

ಅಂಥ ರಾಚಯ್ಯನವರಿಗೆ, ರಿಟೈರ್ ಆದ ಮೇಲಿನ ಒಂದು ಚಳಿಗಾಲದಲ್ಲಿ, ಮನೆ ಮುಂದಿನ ಡ್ರೈವ್‌ವೇಯ ಹಿಮ ತೆಗೆಯುತ್ತಿದ್ದಾಗ ಪಾರ್ಶ್ವವಾಯು ಹೊಡೆಯಿತು. ಪಕ್ಕದ ಮನೆಯವರು ನೋಡಿ ಕೂಡಲೇ ಆಂಬುಲೆನ್ಸ್ ಕರೆಸಿದ್ದರಿಂದ ಜೀವ ಉಳಿಯಿತು. ಆದರೆ ಬಲಗೈ ಸೋತಿತು, ಮಾತು ನಿಂತೇಹೋಯಿತು. ಮಲ್ಲಮ್ಮ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು, ಒಂದು ಮಾತು ಆಡಿದರೆ ಸಾಕಪ್ಪಾ ಎಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತರು.

ಮಾತು ಬಂತು. ನರ್ಸ್ ತೋಳಿಗೆ ಸೂಜಿ ಚುಚ್ಚಿದೊಡನೆ ರಾಚಯ್ಯ ಸ್ಪಷ್ಟವಾಗಿ, ವಾರ್ಡಿಗೆಲ್ಲ ಕೇಳಿಸುವಂತೆ ಕೂಗಿದರು: ‘ಜೀಸಸ್ ಕ್ರೈಸ್ಟ್!’

ಮಲ್ಲಮ್ಮ ಸಂತೋಷದಿಂದ ಎದ್ದು ಹತ್ತಿರ ಹೋದರು. ‘ಏನ್ರೀ, ನಾ ಯಾರು ಹೇಳ್ರಿ ನೋಡೋಣ?’

ರಾಚಯ್ಯ ಅವರನ್ನೇ ನೋಡುತ್ತ ತುಟಿ ಕೂಡಿಸಿದರು, ಬಿಚ್ಚಿದರು, ಹಣೆ ಬೆವರುವ ತನಕ ಹೆಣಗಿದರು. ಕೊನೆಗೆ ಬಂದದ್ದು, ‘ಗಾಡ್ ಡ್ಯಾಮಿಟ್!’

ಮನೆಗೆ ಬಂದ ಮೇಲೂ ಇವೆರಡೇ. ಕಾಫಿ ಬೇಕೇ ಎಂದರೆ ಒಂದು, ಕಂಬಳಿ ಹೊದಿಸಲೇ ಎಂದರೆ ಇನ್ನೊಂದು. ಪೂಜೆಗೆ ಕೂರಿಸಿ ವಿಭೂತಿ ಹಚ್ಚಿದರೂ ಅದೇ. ತಾನಿರುವ ನೇಪರ್‌ವಿಲ್ ಊರಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಅಕ್ಷರಾ ನಕ್ಕಳು, ಅತ್ತಳು, ರಜೆ ಮುಗಿದು ವಾಪಸು ಹೋದಳು. ಹತ್ತಿರದ ಟ್ರಾಯ್ ಊರಿನ ದೇವಸ್ಥಾನದಲ್ಲಿ ಪರಿಚಯವಾದ ಗೆಳತಿ ಶ್ರೀಲತಾ ಒಂದು ಸಂಜೆ ಹುಳಿಯನ್ನ ಮಾಡಿಕೊಂಡು ಬಂದಾಗ ಮಲ್ಲಮ್ಮ ಬಾಗಿಲಲ್ಲೇ ಅಡ್ಡ ನಿಂತು, ‘ಈಗ ಮಲಗ್ಯಾರ್ರಿ’ ಎಂದರು. ಅಷ್ಟರಲ್ಲಿ ಒಳಗಿನಿಂದ ಆ ಕೂಗು ಕೇಳಿಸಿತು. ‘ಟಿವಿ’ ಎಂದರು ಮಲ್ಲಮ್ಮ. ಶ್ರೀಲತಾ ಪಾತ್ರೆ ಕೊಟ್ಟು ಹೊರಟುಹೋದರು. ಮಾತಿಲ್ಲದೆ ಇರಲಾರದ ಮಲ್ಲಮ್ಮ ಅಂದಿನಿಂದ ಫೋನು ಎತ್ತುವುದನ್ನೂ ಬಿಟ್ಟರು.

ಮಾರ್ಚಿನಲ್ಲಿ ಅಕ್ಷರಾ ಅಲ್ಲಿ ಇಲ್ಲಿ ವಿಚಾರಿಸಿ, ಮನೆಗೇ ಬಂದು ಮಾತು ಕಲಿಸುವ ಥೆರಪಿಸ್ಟ್ ಒಬ್ಬಳನ್ನು ಹುಡುಕಿದಳು. ಭಾನುಪ್ರಿಯಾ ಎಂದು ಹೆಸರು; ಮೈಸೂರಿನಲ್ಲಿ ಓದಿದವಳು, ಕನ್ನಡದವಳು. ಅವಳು ಷೂ ಬಿಚ್ಚುವ ಮೊದಲೇ ಮಲ್ಲಮ್ಮ ಅಡುಗೆಮನೆಗೆ ಕರೆದೊಯ್ದರು.

‘ತಂಗೀ, ಮೊದ್ಲ ಹೇಳಿಬಿಡ್ತೀನಿ. ಇವರು ಅಂಥವರಲ್ಲ. ಈಗ ಬಾಯಿ ತೆರದ್ರ ಬರೇ ಬೈಗುಳ. ಅದೂ ಇನ್ನೊಬ್ಬರ ದೇವರ ಹೆಸರು ಹಿಡದು. ಏನ್ ಪಾಪ ಸುತ್ತಿಕೊಂಡೈತೋ!’

‘ಆಂಟಿ, ಅಂಕಲ್ ಬೈತಾ ಇಲ್ಲ. ಯೋಚನೆ ಮಾಡಿ ಜೋಡಿಸೋ ಮಾತು ಬರೋ ಜಾಗಕ್ಕೆ ಪೆಟ್ಟಾಗಿದೆ. ಎಡವಿದಾಗ ತಾನಾಗೇ ಬರುತ್ತಲ್ಲ, ಆ ಮಾತು, ಪ್ರಾರ್ಥನೆ, ಒಂದು ಎರಡು ಎಣಿಸೋದು, ಇವೆಲ್ಲ ಬೇರೆ ದಾರೀಲಿ ಬರುತ್ವೆ. ಆ ದಾರಿ ಉಳಿದಿದೆ. ನನ್ನ ಹತ್ರ ಬರ್ತಿದ್ದ ಒಬ್ಬ ಪಾದ್ರಿಗೂ ಹೀಗೇ ಆಗಿತ್ತು.’

‘ಪಾದ್ರಿಗೆ?’

‘ಪಾದ್ರಿಗೇ! ನಿಮಗೆ ಎಡವಿದ್ರೆ ಏನು ಬರುತ್ತೆ?’

‘ಅಯ್ಯೋ ಶಿವನೇ ಅಂತೀನಿ.’

‘ಅಂಕಲ್ ಅಂದಿದ್ದೂ ಅಷ್ಟೇ. ಆ ಮಾತು ಮೊದಲು ಬೈಗುಳ ಅಲ್ಲ, ಆಣೆ. ಇಂಗ್ಲಿಷಿನವರು ದೇವರ ಮೇಲೆ, ದೇವರ ಗಾಯದ ಮೇಲೆ, ರಕ್ತದ ಮೇಲೆ ಆಣೆ ಇಡ್ತಿದ್ರು. ಸುಮ್ಸುಮ್ನೆ ಆಣೆ ಇಟ್ಟು ಇಟ್ಟು ಅದೇ ಬೈಗುಳ ಆಯ್ತು. ನಾಟಕದಲ್ಲಿ ದೇವರ ಹೆಸರು ಹಗುರವಾಗಿ ಹೇಳಿದ್ರೆ ದಂಡ ಹಾಕೋ ಕಾನೂನೂ ಇತ್ತು. ಆಗ ಜನ ಹೆಸರನ್ನೇ ಸ್ವಲ್ಪ ತಿರುಚಿದ್ರು. ಗಾಡ್ ಅನ್ನೋಕೆ ಗಾಶ್, ಜೀಸಸ್ ಅನ್ನೋಕೆ ಜೀ, ಡ್ಯಾಮ್ ಅನ್ನೋಕೆ ಡಾರ್ನ್.’

ಮಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. ಈ ದೇಶಕ್ಕೆ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆಯಿಂದ ಕಲಿತು, ಯಾರ ಮನೆಯ ಪಾಟ್‌ಲಕ್ ಊಟಕ್ಕೆ ಹೋದರೂ ಬಾಯಿತುಂಬ ಹೇಳುತ್ತ ಬಂದ ಮಾತು ಅವರದೊಂದಿತ್ತು: ‘ಓ ಮೈ ಗಾಶ್!’

‘ಅಂದ್ರ ನಾನೂ ಇಷ್ಟು ವರ್ಷ ಬೈಕೋಂತ ಬಂದೀನೇನು?’

‘ಹ್ಞೂಂ ಆಂಟಿ. ಮರ್ಯಾದೆಯಾಗಿ.’

ಮಲ್ಲಮ್ಮ ನಕ್ಕರು. ಹಿಮ ಬಿದ್ದ ಆ ದಿನದಿಂದ ಅವರು ನಕ್ಕಿದ್ದೇ ಇಲ್ಲ. ಈಗ ಸಿಂಕನ್ನು ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು.

ಒಂದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಆಡಿ ಆಡಿ ರೂಢಿಯಾದದ್ದೇ ಬಾಯಿಗೆ ಬರುವುದಾದರೆ, ಇವರು ಅದನ್ನು ಎಲ್ಲಿ ಆಡಿದ್ದರು? ಅದೇ ವಾರ ಹಳೆಯ ಕಾರ್ಖಾನೆಯ ಫೋರ್‌ಮನ್ ಫ್ರ್ಯಾಂಕ್ ನೋಡಲು ಬಂದರು. ಮಲ್ಲಮ್ಮ ಈ ಸಲ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಫ್ರ್ಯಾಂಕ್ ಅವರನ್ನು ಕಂಡದ್ದೇ ರಾಚಯ್ಯ ಎಡಗೈ ಎತ್ತಿ ತಮ್ಮ ಎರಡೂ ಮಾತನ್ನು ಒಟ್ಟಿಗೇ ಅಂದರು. ಆ ದಢೂತಿ ಮನುಷ್ಯನ ಮುಖ ಅರಳಿತು.

‘ಇವನೇ ನಮ್ಮ ರಾಚ್!’ ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು. ‘ತಗಡು ಒತ್ತುವ ಪ್ರೆಸ್ ಯಂತ್ರ ಸಿಕ್ಕಿಹಾಕಿಕೊಂಡರೆ ಕಾರ್ಖಾನೆಯ ಆ ತುದಿಗೂ ಇವನ ಕೂಗು ಕೇಳಿಸುತ್ತಿತ್ತು. ಇವನು ಕೂಗಿದ ಅಂದರೆ ನಾವೆಲ್ಲ ಓಡುತ್ತಿದ್ದೆವು. ಒಮ್ಮೆ ಹಾಗೆ ಓಡಿದ್ದರಿಂದಲೇ ಒಬ್ಬನ ಕೈ ಉಳಿಯಿತು.’

ಮಲ್ಲಮ್ಮ ಗಂಡನ ಕಡೆ ತಿರುಗಿದರು. ರಾಚಯ್ಯ ಸಿಕ್ಕಿಬಿದ್ದ ಹುಡುಗನಂತೆ ನೆಲ ನೋಡುತ್ತಿದ್ದರು. ತುಟಿಯ ಒಂದು ಕೊನೆಯಲ್ಲಿ ನಗೆಯಿತ್ತು. ಮಲ್ಲಮ್ಮನ ಎದೆಯ ಮೇಲಿನ ಭಾರ ಇಳಿಯಿತು. ಪಾಪವಲ್ಲ, ದೆವ್ವವಲ್ಲ, ಗಂಡನ ಬಾಯಲ್ಲಿ ಕೂತು ಇನ್ಯಾರೋ ಆಡುತ್ತಿರುವುದೂ ಅಲ್ಲ. ಅದು ಅವರದೇ ಮಾತು. ಮನೆಗೆ ತಾರದೆ ಇಷ್ಟು ವರ್ಷ ಕಾರ್ಖಾನೆಯಲ್ಲೇ ಬಿಟ್ಟು ಬರುತ್ತಿದ್ದರು, ಅಷ್ಟೇ.

‘ಇಷ್ಟ್ ಜೋರ್ ಇದ್ರೇನ್ರೀ ನೀವು!’ ಎಂದು ಅವರ ತೋಳು ತಟ್ಟಿದರು.

ಭಾನುಪ್ರಿಯಾ ಆ ಎರಡು ಮಾತನ್ನೇ ಹಿಡಿದುಕೊಂಡಳು. ಬಾಯಲ್ಲಿ ಉಳಿದಿದ್ದನ್ನು ಓಡಿಸಲಿಲ್ಲ, ಬಳಸಿದಳು. ‘ಗಾಡ್’ ಎಂದು ದೊಡ್ಡದಾಗಿ ಹೇಳಿಸಿದಳು. ಕಾಫಿ ಲೋಟ ಮುಂದಿಟ್ಟು ಅದನ್ನು ನಿಧಾನವಾಗಿ ‘ಗುಡ್’ ಮಾಡಿಸಿದಳು. ಕೆಲವು ದಿನ ಏನೂ ಆಗುತ್ತಿರಲಿಲ್ಲ. ಒಂದು ದಿನ ‘ಗುಡ್ ಕಾಫಿ’ ಬಂತು. ಮಲ್ಲಮ್ಮ ಕೈಹಿಡಿದು ತಾಳ ಹಾಕಿದರೆ ಕನ್ನಡದಲ್ಲಿ ಒಂದರಿಂದ ಹತ್ತರವರೆಗೆ ಎಣಿಕೆ ಬಂತು. ಮೇ ತಿಂಗಳ ಒಂದು ಬೆಳಗ್ಗೆ ಸ್ನಾನದ ಮನೆಯಿಂದ ‘ಮಲ್ಲೀ’ ಎಂದು ಕರೆದದ್ದು ಕೇಳಿಸಿತು. ಟವೆಲು ಬೇಕಾಗಿತ್ತು. ಮಲ್ಲಮ್ಮ ಟವೆಲು ಮರೆತು ಬರಿಗೈಯಲ್ಲಿ ಓಡಿದರು.

ಆಮೇಲೆ ಶ್ರೀಲತಾಗೆ ಫೋನ್ ಮಾಡಿ ಟಿವಿಯ ಸುಳ್ಳನ್ನು ಒಪ್ಪಿಕೊಂಡರು. ‘ಗೊತ್ತಿತ್ತು ಬಿಡಿ ಮಲ್ಲಮ್ಮ, ನಮ್ಮನೆಯವರು ದಿನಾ ಟ್ರಾಫಿಕ್‌ನಲ್ಲಿ ಅದನ್ನೇ ಅಲ್ವಾ ಅನ್ನೋದು’ ಎಂದರು ಶ್ರೀಲತಾ.

ಈಗ ರಾಚಯ್ಯನವರಿಗೆ ಸಂಸಾರ ನಡೆಸುವಷ್ಟು ಮಾತಿದೆ. ಭಾನುಪ್ರಿಯಾ ಬಂದ ಮಧ್ಯಾಹ್ನಗಳಲ್ಲಿ ಅವರಿಬ್ಬರೂ ಕಿಟಕಿಯ ಬಳಿ ಕೂತು ತಿಂಗಳುಗಳ ಹೆಸರು ಹೇಳಿಕೊಳ್ಳುತ್ತಾರೆ, ತಪ್ಪಿದರೆ ಮತ್ತೆ ಹೇಳುತ್ತಾರೆ. ಮಲ್ಲಮ್ಮ ಸೋಫಾದ ಮೇಲೆ ಕಾಲು ಚಾಚಿ, ಅದನ್ನು ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಾರೆ.