ಸಾಕ್ಷಿಯಾದ ಹಸು

ತಾಲ್ಲೂಕಿನ ನ್ಯಾಯ ನೋಡುವ ಸುಬೇದಾರರ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಕಳವಿನ ಮೊಕದ್ದಮೆಗಳ ಮಾಲನ್ನು ಕಾಯುವ ಕೆಲಸ ನನ್ನದಾಗಿತ್ತು. ಕತ್ತಿ, ಕೊಡ, ಕಂಬಳಿಗಳ ಬಗ್ಗೆಯೇ ಚಿಂತಿಸಿ ಸೊರಗುತ್ತಿದ್ದ ನನ್ನ ಪಾಲಿಗೆ ಒಮ್ಮೆ ಹಾಲು ಕರೆಯುವ ಹಸುವೊಂದು ಬಂತು. ಕಳ್ಳ ಸಿಕ್ಕಿದ್ದ. ತೀರ್ಪಾಗುವವರೆಗೆ ಹಸು ಸಾಕ್ಷಿಯಾಗಿ ಕಚೇರಿಯ ಹಿಂದೆಯೇ ಇರತಕ್ಕದ್ದು ಎಂದು, ಕಾನೂನು ಬಲ್ಲವನಂತೆ ನಾನೇ ಬರೆದುಬಿಟ್ಟೆ.

ಹಸುವಿನ ಒಡತಿ ಶನಿವಾರಸಂತೆಯ ಕಡೆಯ ಒಬ್ಬ ವಿಧವೆ. ವಾಯಿದೆಯ ದಿನಗಳಲ್ಲಿ ಅಲ್ಲಿಂದ ನಡೆದು ಬಂದು ಜಗಲಿಯ ಕೆಳಗೆ ನಿಲ್ಲುತ್ತಿದ್ದಳು. ಮೂರನೆಯ ಸಲ ನನ್ನನ್ನೇ ಕೇಳಿದಳು: "ಕದ್ದೋನಿಗೆ ಎರಡೊತ್ತು ಊಟ ಹಾಕ್ತೀರ. ನನ್ನ ಕರ ಮನೇಲಿ ಗಂಜಿ ಕುಡೀತಾ ಐತೆ. ಅದೇನು ತಪ್ಪು ಮಾಡ್ತು ಸ್ವಾಮಿ?"

ಜವಾನ ಕರೆದುಕೊಟ್ಟ ಅದೇ ಹಸುವಿನ ಹಾಲಿನ ಕಾಫಿಯನ್ನು ಬೆಳಿಗ್ಗೆಯಷ್ಟೇ ಕುಡಿದಿದ್ದೆ. ಹೆದರುತ್ತಲೇ ಒಳಗೆ ಹೋಗಿ, ಕರೆದಾಗ ತಂದು ನಿಲ್ಲಿಸುವುದಾಗಿ ಮುಚ್ಚಳಿಕೆ ಬರೆಸಿಕೊಂಡು ಹಸುವನ್ನು ಒಡತಿಗೆ ಒಪ್ಪಿಸಬಹುದೇ ಎಂದು ಸುಬೇದಾರರನ್ನು ಕೇಳಿದೆ.

"ಮೊದಲ ದಿನವೇ ಒಪ್ಪಿಸಬಹುದಿತ್ತಲ್ಲ. ಕೂಡದು ಅಂತ ಬರೆದವರು ನೀವೇ ಅಲ್ಲವೇನ್ರೀ?" ಎಂದರು.

ಹೆಬ್ಬೆಟ್ಟು ಒತ್ತಿಸಿಕೊಂಡು ಹಗ್ಗವನ್ನು ಅವಳ ಕೈಗೆ ಕೊಟ್ಟೆ. ಹಸು ಹೋದ ಮೇಲೆ, ಅದು ಸತ್ತುಹೋದರೆ ಮಡಿಕೇರಿಯ ಕಮಿಷನರ್ ದೊರೆಗೆ ಏನೆಂದು ಹೇಳಲಿ ಎಂಬ ಹೊಸ ಚಿಂತೆ ಹತ್ತಿತು. ಸಂತೆಗೆಂದು ನೆಪ ಹೇಳಿಕೊಂಡು ಅವಳ ಊರಿಗೆ ಹೋಗಿ ಅವಳ ಕೊಟ್ಟಿಗೆಯಲ್ಲಿ ಇಣುಕಿದೆ. ಕರು ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿತ್ತು.

"ಹಸ ನಂದು, ದಿಗಿಲು ನಿಮ್ದಾ?" ಎಂದು ನಕ್ಕ ಅವಳು ಒಂದು ಚೊಂಬು ಮಜ್ಜಿಗೆ ತಂದಿಟ್ಟಳು. ಆ ಹಸುವಿನ ಹಾಲಿನದೇನನ್ನಾದರೂ ಒಡತಿಯೇ ಕೊಟ್ಟು ನಾನು ಕುಡಿದದ್ದು ಅದೇ ಮೊದಲು.